ಕಂಡದ್ದಕ್ಕಷ್ಟೇ ಸಹಿ

ಪೊಲೀಸರು ಪಂಚರನ್ನು ಹುಡುಕುತ್ತ ಹೊರಟರೆಂದರೆ ನಮ್ಮ ಗಲ್ಲಿಯ ಅಂಗಡಿಯವರಿಗೆಲ್ಲ ಒಮ್ಮೆಲೇ ಬೇರೆ ಕೆಲಸ ನೆನಪಾಗುತ್ತದೆ. ಪಾನಿನಂಗಡಿಯವನು ನೀರು ತರಲು ಹೋಗುತ್ತಾನೆ. ಝೆರಾಕ್ಸಿನವನಿಗೆ ಕಾಗದ ಮುಗಿಯುತ್ತದೆ. ಪಂಚ ಎಂದರೆ ಜಪ್ತಿ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿ, ನೋಡಿದ್ದನ್ನು ಬರೆದ ಪಂಚನಾಮೆಗೆ ಸಹಿ ಹಾಕುವ ಸಾಕ್ಷಿ. ಸಹಿ ಹಾಕಲು ಹೊತ್ತು ಬೇಕಿಲ್ಲ, ಆದರೆ ಆಮೇಲೆ ಕೋರ್ಟಿನ ಸಮನ್ಸು ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ ಸ್ವಾರಗೇಟದ ಹಿಂದಿನ ಗಲ್ಲಿಯಲ್ಲಿತ್ತು, ಪೊಲೀಸ್ ಚೌಕಿಗೆ ಕೂಗಳತೆ. ಆ ಮಧ್ಯಾಹ್ನ ನಾನು ಒಂದು ಮದರ್‌ಬೋರ್ಡಿನ ಉಬ್ಬಿದ ಕೆಪ್ಯಾಸಿಟರ್ ಬಿಚ್ಚುತ್ತಿದ್ದೆ. ಆ ವರ್ಷಗಳಲ್ಲಿ ಬೋರ್ಡುಗಳೆಲ್ಲ ಹಾಗೆಯೇ ಉಬ್ಬಿ ಸಾಯುತ್ತಿದ್ದವು. ಬೆಸುಗೆಯ ಕಡ್ಡಿ ಕಾದಿತ್ತು, ಅದನ್ನು ಬಿಟ್ಟು ಏಳುವಂತಿರಲಿಲ್ಲ. ತಲೆ ಎತ್ತಿದರೆ ಹವಾಲ್ದಾರ ನಿಂತಿದ್ದ.

"ಚಲಾ ಶೇಠ. ಕಂಪ್ಯೂಟರ್ ಜಪ್ತಿ ಆಹೆ, ತುಮಚಾಚ ಧಂದಾ" ಎಂದ. ನಿನ್ನದೇ ಕಸುಬು, ನಡಿ ಎಂಬ ಮಾತು. ಅವನ ಹಿಂದೆ ನಮ್ಮ ಪಕ್ಕದಂಗಡಿಯ ಟೇಲರ್ ಆಗಲೇ ಹೊರಟು ನಿಂತಿದ್ದ. ಸೋಲಾಪುರದವನು, ಅರ್ಧ ಮರಾಠಿ ಅರ್ಧ ಕನ್ನಡ. ಚೌಕಿಯವರಿಗೆ ಕಾಯಂ ಪಂಚ.

"ಏನ ಮಾರಿ ಸಣ್ಣ ಮಾಡ್ತಿ?" ಎಂದ ನನಗೆ. "ಕುಂಡರೂದು, ಸಹಿ ಮಾಡೂದು, ಚಾ ಕುಡದು ಬರೂದು. ಓದಾಕ ಹೋಗಬ್ಯಾಡ, ತಲಿ ನೋಯ್ತದ."

ಹಳೆಯ ಹೌಸಿಂಗ್ ಸೊಸೈಟಿಯೊಂದರ ಎರಡನೆಯ ಮಾಳಿಗೆಯ ಮನೆ. ಮನೆಯಾಕೆ ಒಂದು ಮರಾಠಿ ವಾರಪತ್ರಿಕೆಯ ವರದಿಗಾರ್ತಿ, ನಡುವಯಸ್ಸಿನವರು. ಊರ ಹೊರಗೆ ಕಟ್ಟುತ್ತಿದ್ದ ದೊಡ್ಡ ವಸತಿ ಕಾಲನಿಯಲ್ಲಿ ಒಂದು ಸ್ಲ್ಯಾಬು ಕುಸಿದು ಕೂಲಿಯವರು ಸತ್ತಿದ್ದರು. ನಕಾಶೆಯಲ್ಲಿ ತೋರಿಸಿದ ಕಬ್ಬಿಣ ಬೇರೆ, ಸ್ಲ್ಯಾಬಿನಲ್ಲಿ ಹಾಕಿದ ಕಬ್ಬಿಣ ಬೇರೆ ಎಂದು ಅವರು ನಕಾಶೆಯ ಸಮೇತ ಬರೆದಿದ್ದರು. ಬಿಲ್ಡರ್ ಅದು ಸುಳ್ಳೆಂದು ದೂರಲಿಲ್ಲ. ನಮ್ಮ ಕಚೇರಿಯ ನಕಾಶೆ ಕದ್ದಿದ್ದಾರೆ ಎಂದು ಕಳವಿನ ಫಿರ್ಯಾದಿ ಕೊಟ್ಟಿದ್ದ. ಕದ್ದ ಮಾಲು ಆಕೆಯ ಕಂಪ್ಯೂಟರಿನಲ್ಲಿದೆ, ಕಂಪ್ಯೂಟರ್ ಜಪ್ತಿ ಮಾಡಿ ಎಂಬುದು ಲೆಕ್ಕ.

ಫೌಜದಾರರು ಕುರ್ಚಿಯಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ಪೊಲೀಸನಲ್ಲದ ಒಬ್ಬ ತರುಣ, ಬಿಳಿ ಅಂಗಿ, ಕೈಯಲ್ಲಿ ಖಾಲಿ ಸೀಡಿಗಳ ಡಬ್ಬಿ. ಬಿಲ್ಡರನ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವನಂತೆ. ಅವನನ್ನು ಕಂಡೊಡನೆ ಇಲ್ಲಿ ನಡೆಯಬೇಕೆಂದಿರುವುದು ಜಪ್ತಿಯಷ್ಟೇ ಅಲ್ಲ ಎಂದು ನನಗೆ ಹೊಳೆಯಿತು. ಜಪ್ತಿಗೆ ಖಾಲಿ ಸೀಡಿ ಬೇಕಾಗುವುದಿಲ್ಲ.

ಹವಾಲ್ದಾರ ಒಳಕೋಣೆಯ ಕಪಾಟು ಜಾಲಾಡತೊಡಗಿದ. ಫೌಜದಾರರೂ ಎದ್ದು ಅತ್ತ ಹೋದರು. ಕೇಬಲ್ಲುಗಳಿಗೆ ಚೀಟಿ ಅಂಟಿಸಲು ನನಗೆ ಹೇಳಿದ್ದರು. ಮೇಜಿನ ಕೆಳಗೆ ಬಗ್ಗಿದಾಗ ಟೇಲರನಿಗೆ ಕನ್ನಡದಲ್ಲಿ ಏನೋ ಅಂದೆ. ವರದಿಗಾರ್ತಿ ಕಿವಿ ನಿಮಿರಿಸಿದರು.

"ಯಾವ ಕಡಿಯವರ್ರೀ ನೀವು?"

"ಕಲಬುರ್ಗಿ ಕಡಿ ಅಕ್ಕಾರ. ಬೆಳದದ್ದು ಇಲ್ಲೇ."

"ನಾವು ಧಾರವಾಡದವರು." ಒಳಕೋಣೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಮುಖ ಕಿಟಕಿಯ ಕಡೆಗಿಟ್ಟುಕೊಂಡೇ, ಹವೆಯ ಬಗ್ಗೆ ಮಾತಾಡುವ ದನಿಯಲ್ಲಿ ಹೇಳಿದರು. "ಅಣ್ಣಾರ, ಇವರಿಗೆ ನಕಾಶಿ ಬೇಕಾಗಿಲ್ಲ. ಅದನ್ನ ನಾನ ಛಾಪಿಸೀನಿ. ಕೊಟ್ಟಾಂವ ಯಾರು ಅಂತ ಬೇಕಾಗೇದ. ಅವನ ಈ-ಮೇಲ್ ಇದರಾಗ ಅದ. ಅಂವ ಅದ ಸೈಟಿನ ಮ್ಯಾಲೆ ಪತ್ರಾಶೆಡ್ಡಿನಾಗ ಹೆಂಡ್ತಿ ಮಕ್ಕಳ ಕಟಗೊಂಡು ಇರ್ತಾನ. ಹೆಸರು ಹೊರಗ ಬಿತ್ತಂದ್ರ ಅಂವ ಅಲ್ಲಿಂದ ನಡಕೋತ ಹೊರಗ ಬರಂಗಿಲ್ಲ."

ನಾನು ಚೀಟಿ ಅಂಟಿಸುತ್ತಲೇ ಇದ್ದೆ. ಪತ್ರಾಶೆಡ್ಡು ಎಂದರೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಏಳನೆಯ ಇಯತ್ತೆಯಲ್ಲಿ ಶಾಲೆ ಬಿಡುವವರೆಗೂ ನಾನು ಮಲಗೆದ್ದದ್ದು ಅಂಥ ತಗಡಿನ ಕೆಳಗೇ. ಸೈಟಿನ ಗೇಟು ಮುಚ್ಚಿದ ಮೇಲೆ ಒಳಗೆ ಏನಾದರೂ ಹೊರಗೆ ಕೇಳಿಸುವುದಿಲ್ಲ.

"ನಿಮಗ ಇದರ ಕೆಲಸ ಗೊತ್ತದ" ಎಂದರು. "ಬಿಚ್ಚೂ ಮುಂದ ಒಂದ ಪಿನ್ನು ಮುರದು ಬಿಡ್ರಿ. ಯಾರಿಗೂ ತಿಳಿಯಂಗಿಲ್ಲ."

ಆ ಕಾಲದಲ್ಲಿ ಮೇಲ್ ಎಂದರೆ ಫೋನಿನ ತಂತಿಯಿಂದ ಇಳಿಸಿ ಸ್ವಂತ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು. ಹೆಚ್ಚಿನವರು ಪಾಸ್‌ವರ್ಡನ್ನೂ ಹಾಕುತ್ತಿರಲಿಲ್ಲ. ಚಾಲು ಮಾಡಿ ಲಕೋಟೆಯ ಚಿತ್ರ ಒತ್ತಿದರೆ ಹೆಸರುಗಳು ಸಾಲಾಗಿ ಕಾಣುತ್ತಿದ್ದವು. ಡಿಸ್ಕಿನ ಬಾಲದಲ್ಲಿ ನಲವತ್ತು ಚಿಲ್ಲರೆ ಪಿನ್ನುಗಳು. ಒಂದನ್ನು ಮುರಿಯುವುದು ನನಗೆ ಉಗುರಿನ ಕೆಲಸ. ಆದರೆ ಅದರಿಂದ ಆಗುವುದೇನು? ಒಳಗಿನ ತಟ್ಟೆಯ ಮೇಲೆ ಬರೆದದ್ದು ಅಳಿಸುವುದಿಲ್ಲ. ನನ್ನಂಥ ಇನ್ನೊಬ್ಬ ಅದನ್ನು ಸಂಜೆಯೊಳಗೆ ಸರಿ ಮಾಡುತ್ತಾನೆ. ಪುರಾವೆ ಕೆಡಿಸಿದರೆಂದು ಆಕೆಯ ಮೇಲೆ ಎರಡನೆಯ ಕೇಸು ಬೀಳುತ್ತದೆ. ಇದು ಒಂದು ಕಾರಣ. ಇನ್ನೊಂದು ಕಾರಣ ನನ್ನದು. ಕೆಟ್ಟ ಯಂತ್ರ ಸರಿ ಮಾಡಿ ಹೊಟ್ಟೆ ಹೊರೆದವನು ನಾನು. ಸರಿಯಿದ್ದದ್ದನ್ನು ಕೆಡಿಸಿ, ಕೆಟ್ಟೇ ಇತ್ತು ಎಂದು ಸಹಿ ಹಾಕುವುದು ನನ್ನ ಕೈಗೆ ಬರುವುದಿಲ್ಲ.

"ಆಗಂಗಿಲ್ಲರಿ ಅಕ್ಕಾರ" ಎಂದೆ. "ಮುರದರೂ ಉಪಯೋಗ ಇಲ್ಲ. ನಾ ಮುರಿಯಾಂವನೂ ಅಲ್ಲ."

ಅವರು ನನ್ನತ್ತ ನೋಡಿದ ನೋಟದಲ್ಲಿ ನಾನು ಆಗಲೇ ಪೊಲೀಸರ ಕಡೆಯವನಾಗಿಬಿಟ್ಟಿದ್ದೆ.

"ಏನು ಮಾತು ನಡೆದಿದೆ?" ಎಂದು ಒಳಗಿನಿಂದ ಫೌಜದಾರರು ಮರಾಠಿಯಲ್ಲಿ ಕೇಳಿದರು.

"ಊರು ಯಾವುದು ಅಂತ ಕೇಳಿದರು ಸಾಹೇಬ" ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬಿಳಿ ಅಂಗಿಯವನು ಮಾತ್ರ ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದ.

ಫೌಜದಾರರು ಹೊರಬಂದು ಅವನಿಗೆ ತಲೆಯಾಡಿಸಿದರು. ನಾನು ಮೇಜಿನ ಕೆಳಗಿನಿಂದ ಏಳುವಷ್ಟರಲ್ಲಿ ಅವನು ಗುಂಡಿ ಒತ್ತಿದ್ದ. ಫ್ಯಾನು ತಿರುಗಿತು, ಬೀಪ್ ಎಂದಿತು, ತೆರೆಯ ಮೇಲೆ ಬಿಳಿ ಅಕ್ಷರಗಳು ಏರತೊಡಗಿದವು. ವರದಿಗಾರ್ತಿ ಎದ್ದು ನಿಂತರು. "ಇದು ಜಪ್ತಿಯೋ, ಓದುವುದೋ?" ಎಂದು ಜೋರಾಗಿ ಕೇಳಿದರು. "ಎರಡೇ ನಿಮಿಷ ಮೇಡಂ, ಮಾಲು ಇದೆಯೋ ಇಲ್ಲವೋ ನೋಡಬೇಡವೇ?" ಎಂದರು ಫೌಜದಾರರು. ಅವರು ಕೆಟ್ಟ ಮನುಷ್ಯರೆಂದು ನಾನು ಹೇಳಲಾರೆ. ಮೇಲಿನಿಂದ ಫೋನು ಬಂದಿತ್ತು, ಬೇಗ ಮುಗಿಸಿ ಏಳಬೇಕಿತ್ತು, ಅಷ್ಟೆ.

ಗಿರಾಕಿಗಳಿಗೆ ನಾನು ದಿನಾ ಹೇಳುವ ಮಾತೆಂದರೆ ಚಾಲು ಇರುವ ಯಂತ್ರದ ವೈರು ಎಳೆಯಬೇಡಿ ಎಂಬುದು. ಆ ದಿನ ಗೋಡೆಯ ಪ್ಲಗ್ಗಿಗೆ ಕೈ ಹಾಕಿ ನಾನೇ ಕಿತ್ತೆ. ಕಿತ್ತರೂ ಯಂತ್ರ ನಿಲ್ಲಲಿಲ್ಲ. ಮೂಲೆಯಲ್ಲಿದ್ದ ಯುಪಿಎಸ್ಸು ಕೀಂ ಕೀಂ ಎಂದು ಒದರತೊಡಗಿತು. ಮನೆಗೊಂದು ಬ್ಯಾಟರಿ ಇಟ್ಟುಕೊಳ್ಳಿ ಎಂದು ಗಲ್ಲಿಗೆಲ್ಲ ಮಾರಿದವನು ನಾನು, ನನಗೇ ಮರೆತಿತ್ತು. ಕ್ಯಾಬಿನೆಟ್ಟಿನ ಹಿಂದೆ ಕೈ ತೂರಿಸಿ ಅಲ್ಲಿದ್ದ ದಪ್ಪ ವೈರು ಎಳೆದೆ. ತೆರೆ ಕಪ್ಪಾಯಿತು. ಲಕೋಟೆಯ ಚಿತ್ರ ಇನ್ನೂ ಬಂದಿರಲಿಲ್ಲ.

ಬಿಳಿ ಅಂಗಿಯವನು ನನ್ನ ತೋಳು ಹಿಡಿದ. ಫೌಜದಾರರ ಮುಖ ಕೆಂಪಾಗಿತ್ತು.

"ನೀನು ಪಂಚ. ವಕೀಲನಲ್ಲ!"

"ವಕೀಲನಲ್ಲ ಸಾಹೇಬ. ಅದಕ್ಕೇ ಕಣ್ಣಿಗೆ ಕಂಡದ್ದಷ್ಟೇ ನನಗೆ ಗೊತ್ತಿರುವುದು. ಬಂದ್ ಇದ್ದದ್ದನ್ನು ಇವರು ಚಾಲು ಮಾಡಿದರು, ನಾನು ವೈರು ಕಿತ್ತೆ. ಎರಡನ್ನೂ ಬರೆಯಿರಿ, ಸಹಿ ಮಾಡುತ್ತೇನೆ. ಇನ್ನೊಮ್ಮೆ ಚಾಲು ಮಾಡಿಸಿದರೆ ಅದನ್ನೂ ಬರೆಯಿರಿ, ಏನೇನು ತೆರೆದು ನೋಡಿದಿರಿ ಎಂಬುದನ್ನೂ ಬರೆಯಿರಿ. ಬರೆಯದಿದ್ದರೆ ಸಹಿ ಇಲ್ಲ. ಚಾಲು ಆದರೆ ಎಷ್ಟೋ ಫೈಲುಗಳ ತಾರೀಖು ತಾನೇ ಬದಲಾಗುತ್ತದೆ. ನಾಳೆ ಯಾರು ಬದಲಾಯಿಸಿದರು ಎಂದು ಕೇಳಿದರೆ ನಾನೇನು ಹೇಳಲಿ?"

"ಬೇರೆ ಪಂಚ ತರುತ್ತೇನೆ."

"ತರಿಸಿರಿ" ಎಂದೆ. ಹೇಳಿದ್ದೇನೋ ಹೇಳಿದೆ. ಚೌಕಿಯ ಕಂಪ್ಯೂಟರ್ ರಿಪೇರಿಯೂ ನನ್ನದೇ ಇತ್ತು.

ಅಷ್ಟರಲ್ಲಿ, ಯಾವ ಕಾಗದವನ್ನೂ ಓದಿ ಗೊತ್ತಿಲ್ಲದ ನಮ್ಮ ಟೇಲರ್ ಕೆಮ್ಮಿದ. "ಸಾಹೇಬ, ಅಂವಾ ಸಹಿ ಮಾಡದಿದ್ದರ ನಾನೂ ಮಾಡಂಗಿಲ್ಲ" ಎಂದು ಅದನ್ನೇ ಮತ್ತೆ ಮರಾಠಿಯಲ್ಲಿ ಹೇಳಿದ. ನಾನು ಬೆರಗಾಗಿ ನೋಡಿದರೆ ನನ್ನ ಮೇಲೇ ರೇಗಿದ. "ನೋಡ್ತಿ ಏನ? ಕೋರ್ಟಿನಾಗ ನೀ ಒಂದು, ನಾ ಒಂದು ಹೇಳಿದ್ರ ಜಡ್ಜ ನನ್ನ ಚರ್ಮಾನ ಹೊಲೀತಾರ."

ಫೌಜದಾರರು ಗಡಿಯಾರ ನೋಡಿಕೊಂಡರು. ಆಮೇಲೆ ಹವಾಲ್ದಾರನಿಗೆ "ಲಿಹಾ" ಎಂದರು. ಬರಿ ಎಂದು. ಬಿಳಿ ಅಂಗಿಯವನಿಗೆ ಹೊರಗೆ ನಿಲ್ಲಲು ಹೇಳಿದರು.

ಕ್ಯಾಬಿನೆಟ್ಟನ್ನು ಇಡಿಯಾಗಿ ಒಯ್ದರೆ ಮೊಹರು ಎಲ್ಲಿ ಹಾಕುವುದು? ಅದಕ್ಕೆ ಸಂದು ಹತ್ತು. ನಾನು ಪಕ್ಕದ ತಗಡು ಬಿಚ್ಚಿ, ಡಿಸ್ಕಿನ ನಾಲ್ಕು ತಿರುಪು ತೆಗೆದು, ಅದರ ಬೆನ್ನಿನ ಮೇಲಿನ ನಂಬರನ್ನು ಒಂದೊಂದೇ ಅಕ್ಷರ ಹೇಳಿ ಪಂಚನಾಮೆಯಲ್ಲಿ ಬರೆಸಿದೆ. ಡಿಸ್ಕಿಗೆಂದೇ ಬರುವ ಬೆಳ್ಳಿ ಬಣ್ಣದ ಚೀಲವೊಂದು ನನ್ನ ಸಾಮಾನಿನಲ್ಲಿತ್ತು, ಅದಕ್ಕೆ ಹಾಕಿ ರಟ್ಟು ಸುತ್ತಿದೆ. ಹವಾಲ್ದಾರ ಖಾಕಿ ಕಾಗದ, ಗೋಂದು ತೆಗೆದ. ಡಿಸ್ಕಿನ ಮೂಲೆ ಕಾಗದ ಹರಿಯುತ್ತದೆ, ಆಮೇಲೆ ಹರಿದದ್ದೋ ಹರಿಸಿದ್ದೋ ಯಾರು ಹೇಳಬೇಕು? ಬಟ್ಟೆ ಬೇಕು ಎಂದೆ. ವರದಿಗಾರ್ತಿ ಒಳಗಿನಿಂದ ಒಂದು ದಿಂಬಿನ ಗಲೀಫು ತಂದು ಮೇಜಿನ ಮೇಲೆ ಇಟ್ಟರು, ನನ್ನ ಕೈಗೆ ಕೊಡಲಿಲ್ಲ. ಟೇಲರ್ ಅಂಗಿಯ ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಕೂತ. ಹೊಲಿಯುವಾಗ ಅವನ ಬಾಯಿ ಸುಮ್ಮನಿರುತ್ತದೆ. ಗಂಟಿನ ಮೇಲೆ ನಮ್ಮಿಬ್ಬರ ಸಹಿಯ ಚೀಟಿ, ಚೀಟಿಯ ಅಂಚಿಗೆ ಅರಗು, ಅರಗಿನ ಮೇಲೆ ಠಾಣೆಯ ಹಿತ್ತಾಳೆಯ ಮುದ್ರೆ. ಬರೆದದ್ದನ್ನು ಓದಿ ಹೇಳಿಸಿಕೊಂಡೆ. ನನ್ನ ಮರಾಠಿ ಓದು ನಿಧಾನ. ಹವಾಲ್ದಾರ ಎರಡು ಸಲ ಓದಿದ. ಎಲ್ಲ ಇತ್ತು. ಸಹಿ ಹಾಕಿದೆ.

ಆ ದಿನ ಯಾರೂ ಚಹಾ ಕೊಡಲಿಲ್ಲ. ಅದಕ್ಕೆ ಟೇಲರ್ ದಾರಿಯುದ್ದಕ್ಕೂ ನನ್ನನ್ನು ಬೈದ.

ಮುಂದಿನ ದಿನಗಳಲ್ಲಿ ಚೌಕಿಯ ಕೆಲಸ ಬೇರೆಯವನಿಗೆ ಹೋಯಿತು. ಅಂಗಡಿಯ ಮುಂದಿನ ನನ್ನ ಫಲಕವನ್ನು ಪಾಲಿಕೆಯ ಅತಿಕ್ರಮಣ ತೆರವಿನ ಗಾಡಿ ಎತ್ತಿಕೊಂಡು ಹೋಯಿತು. ಸಾಲಿನಲ್ಲಿ ಎಲ್ಲರ ಫಲಕಗಳೂ ಮುಂದೆಯೇ ಇದ್ದವು, ಹೋದದ್ದು ನನ್ನದೊಂದೇ. ಇದನ್ನು ದೂರೆಂದು ಬರೆಯುತ್ತಿಲ್ಲ, ಆದದ್ದು ಹೇಳುತ್ತಿದ್ದೇನೆ. ಒಂದು ದಿನ ಬಿಳಿ ಅಂಗಿಯವನು ಬಂದ. ಈ ಸಲ ಭಾಳ ಮರ್ಯಾದೆ. ನಮ್ಮ ಎಲ್ಲ ಕಚೇರಿಗಳ ಕಂಪ್ಯೂಟರ್ ದುರಸ್ತಿಗೆ ನಂಬಿಕೆಯ ಮನುಷ್ಯ ಬೇಕಾಗಿದ್ದಾನೆ ಎಂದ. ಎದ್ದು ಹೋಗುವಾಗ, "ಆ ದಿನ ಆಕೆ ನಿನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳಲ್ಲ, ಏನು?" ಎಂದ.

"ಕೋರ್ಟಿನಲ್ಲಿ ಕೇಳಿರಿ" ಎಂದೆ. ಅವನನ್ನು ಕಳಿಸಲು ಅಂದ ಮಾತು. ಅವರು ಅದನ್ನು ನಿಜವಾಗಿಯೇ ಮಾಡಿದರು.

ಬಿಲ್ಡರನ ವಕೀಲರು ಡಿಸ್ಕನ್ನು ಇಡಿಯಾಗಿ ತೆರೆದು ತಮಗೆ ತೋರಿಸಬೇಕೆಂದು ಅರ್ಜಿ ಹಾಕಿದ್ದರು. ಮೊಹರು ಗುರುತಿಸಲು ಪಂಚರಿಗೆ ಸಮನ್ಸು ಬಂತು. ಕೋರ್ಟಿನ ಪಡಸಾಲೆಯಲ್ಲಿ ವರದಿಗಾರ್ತಿ ನಿಂತಿದ್ದರು. ನಾನೇ ಹತ್ತಿರ ಹೋದೆ.

"ಅಕ್ಕಾರ, ಪಿನ್ನಿನ ಮಾತು ಕೇಳ್ತಾರ ಅನಸ್ತದ. ಕೇಳಿದ್ರ ನಾ ಇಲ್ಲ ಅನ್ನಂಗಿಲ್ಲ. ಮೊದಲ ಹೇಳೂದು ಪಾಡು ಅಂತ ಬಂದೆ."

 ಬೈಯುತ್ತಾರೆ ಎಂದುಕೊಂಡೆ.

"ಇಲ್ಲ ಅನಬ್ಯಾಡ್ರಿ" ಎಂದರು. "ಆ ದಿನ ನಿಮ್ಮ ಮ್ಯಾಲೆ ಭಾಳ ಸಿಟ್ಟ ಬಂದಿತ್ತು. ಆಮ್ಯಾಲೆ ನಮ್ಮ ವಕೀಲರ ಕಡೆ ಕೂತಾಗ ತಿಳೀತು. ಆ ಗಂಟಿನ ಮ್ಯಾಲೆ ನಿಮ್ಮ ಸಹಿ ಅದ ಅಂತನ ಅದನ್ನ ಇಷ್ಟ ದಿನ ಯಾರೂ ಬಿಚ್ಚಿಲ್ಲ. ನೀವು ಒಂದು ಸುಳ್ಳು ಹೇಳಿ ಸಿಕ್ಕಬಿದ್ರ ಆ ಸಹಿನೂ ಸುಳ್ಳಾತು. ಹೇಳ್ರಿ. ನಂದು ನಾ ನೋಡ್ಕೋತೀನಿ."

ಮೊದಲು ಟೇಲರನನ್ನು ಕರೆದರು. ಗಂಟನ್ನು ತಿರುಗಿಸಿ ನೋಡಿ, "ಟಾಕಾ ನಂದೇ. ಇಂಥ ಒಳಟಾಕಾ ಪೇಠೆಯಲ್ಲಿ ಬೇರೆ ಯಾರೂ ಹಾಕುವುದಿಲ್ಲ" ಎಂದು ಮ್ಯಾಜಿಸ್ಟ್ರೇಟರಿಗೆ ಹೊಲಿಗೆಯ ಜಾಹೀರಾತೇ ಮಾಡಿದ. ಅವರೂ ನಕ್ಕರು. ಆಮೇಲೆ ನಾನು. ಸಹಿ ನನ್ನದೆಂದೆ, ಅರಗು ಅಂದಿನಂತೆಯೇ ಇದೆಯೆಂದೆ. ಬಿಲ್ಡರನ ವಕೀಲರು ಕನ್ನಡಕ ಸರಿಮಾಡಿಕೊಂಡರು.

"ಎಷ್ಟು ಓದಿದ್ದೀರಿ?"

"ಏಳನೆಯದಕ್ಕೆ ಬಿಟ್ಟೆ."

"ಆ ದಿನ ಈ ಹೆಣ್ಣುಮಗಳು ನಿಮಗೆ ಕನ್ನಡದಲ್ಲಿ ಏನು ಹೇಳಿದರು?"

 ಪತ್ರಾಶೆಡ್ಡು ನೆನಪಿಗೆ ಬಂತು. ಹೇಳದೆ ಇರಬಹುದಿತ್ತು. ಕನ್ನಡ ಬಲ್ಲವರು ಅಲ್ಲಿ ನಾವು ಮೂವರೇ. ಟೇಲರನಂತೂ ಕಿವುಡನಾಗಿಬಿಡುತ್ತಿದ್ದ.

"ಪಿನ್ನು ಮುರಿದುಬಿಡು ಎಂದರು. ನಾನು ಆಗುವುದಿಲ್ಲ ಎಂದೆ. ಮುರಿಯಲಿಲ್ಲ" ಎಂದೆ.

 ವಕೀಲರು ಗೆದ್ದವರಂತೆ ಮ್ಯಾಜಿಸ್ಟ್ರೇಟರತ್ತ ತಿರುಗಿದರು. "ಯಾಕೆ ಎಂದು ಹೇಳಿದರೇ?" ಎಂದು ಮ್ಯಾಜಿಸ್ಟ್ರೇಟರು ನನ್ನನ್ನೇ ಕೇಳಿದರು. ಆ ಪ್ರಶ್ನೆಯನ್ನು ವಕೀಲರು ನಿರೀಕ್ಷಿಸಿರಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ.

"ಹೇಳಿದರು. ಇವರಿಗೆ ನಕಾಶೆ ಬೇಕಾಗಿಲ್ಲ, ಕೊಟ್ಟವನ ಹೆಸರು ಬೇಕಾಗಿದೆ. ಹೆಸರು ಗೊತ್ತಾದರೆ ಅವನು ಜೀವಂತ ಉಳಿಯುವುದಿಲ್ಲ ಎಂದರು."

ಅವನು ಎಲ್ಲಿ ಇರುತ್ತಾನೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ? ಈಗಲೂ ಒಮ್ಮೊಮ್ಮೆ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ.

ವರದಿಗಾರ್ತಿ ಎದ್ದು ನಿಂತು ಸಾಕ್ಷಿ ಹೇಳಿದ್ದು ನಿಜವೆಂದರು. ಅಂಜಿಕೆಯಲ್ಲಿ ಕೇಳಿದ್ದು ತಪ್ಪು, ಅದಕ್ಕೆ ಕೋರ್ಟು ಏನು ಹೇಳಿದರೂ ಒಪ್ಪುತ್ತೇನೆ, ಹೆಸರು ಮಾತ್ರ ಹೇಳುವುದಿಲ್ಲ ಎಂದರು. ಮ್ಯಾಜಿಸ್ಟ್ರೇಟರು ಅವರಿಗೆ ಮೃದುವಾಗಿ ಏನೂ ಹೇಳಲಿಲ್ಲ. ಗದರಿಸಿದರು. ಆದರೆ ವಕೀಲರಿಗೆ ಕೇಳಿದ್ದು ಬೇರೆ. ಫಿರ್ಯಾದಿ ನಕಾಶೆಯದೋ, ಈ-ಮೇಲ್‌ನದೋ? ನಕಾಶೆಯದು. ಹಾಗಾದರೆ ನಕಾಶೆಯನ್ನಷ್ಟೇ ಹುಡುಕಲಿ. ಸರಕಾರಿ ಲ್ಯಾಬಿನಲ್ಲಿ, ಇದೇ ಪಂಚರ ಎದುರಿಗೆ, ನಕಾಶೆಯ ಫೈಲಿನ ಹೆಸರು ಕೊಟ್ಟು ಹುಡುಕಬೇಕು, ಈ-ಮೇಲ್‌ಗೆ ಕೈ ಹಚ್ಚಬಾರದು, ಫಿರ್ಯಾದಿಯ ಮನುಷ್ಯರು ಒಳಗೆ ಇರಬಾರದು ಎಂದು ಬರೆಸಿದರು.

ಹಾಗೆಯೇ ಆಯಿತು. ಲ್ಯಾಬಿನವರು ಡಿಸ್ಕಿನ ಮೇಲೆ ಏನೂ ಬರೆಯದಂತೆ ತಡೆಯುವ ಒಂದು ಪೆಟ್ಟಿಗೆಯನ್ನು ನಡುವೆ ಜೋಡಿಸಿ ಹುಡುಕಿದರು. ಅಂಥದ್ದನ್ನು ನಾನು ಮೊದಲ ಸಲ ಕಂಡೆ, ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿ ತಿಳಿದುಕೊಂಡೆ. ನಕಾಶೆ ಸಿಕ್ಕಿತು. ಅದು ಪತ್ರಿಕೆಯಲ್ಲಿ ಎಲ್ಲರೂ ನೋಡಿದ ನಕಾಶೆಯೇ. ಗಂಟನ್ನು ಮತ್ತೆ ಹೊಲಿದು ಮತ್ತೆ ಅರಗು ಹಾಕಿದೆವು. ಕಳವಿನ ಕೇಸು ತಾರೀಖಿನ ಮೇಲೆ ತಾರೀಖು ಎಳೆದು ಕೊನೆಗೆ ಬಿದ್ದುಹೋಯಿತು.

ಡಿಸ್ಕು ವಾಪಸು ಸಿಕ್ಕ ದಿನ ವರದಿಗಾರ್ತಿ ಅಂಗಡಿಗೆ ಫೋನು ಮಾಡಿದರು. ಬೇರೆ ಯಾರನ್ನಾದರೂ ಕರೆಯಬಹುದಿತ್ತು, ನನ್ನನ್ನೇ ಕರೆದರು. ಅವರೆದುರಿಗೇ ಟಾಕಾ ಬಿಚ್ಚಿ ಡಿಸ್ಕನ್ನು ಅದರ ಜಾಗದಲ್ಲಿ ಕೂಡಿಸಿದೆ. ನಾಲ್ಕು ತಿರುಪು ಬಿಗಿದು, ಪಟ್ಟಿ ಕೇಬಲ್ಲಿನ ಕೆಂಪು ಅಂಚು ಸರಿಯಾದ ಕಡೆಗಿದೆಯೋ ಎಂದು ಎರಡು ಸಲ ನೋಡಿದೆ. ಫ್ಯಾನಿನ ಧೂಳು ಊದಿದೆ. ಅವರು ಚಹಾ ತಂದರು.

"ಅಂವಾ ಈಗ ಅಲ್ಲಿ ಇಲ್ಲರಿ" ಎಂದರು. "ದೀಪಾವಳಿಗೆ ಊರಿಗೆ ಹೋಗ್ತೀನಿ ಅಂತ ಹೇಳಿ ಹೆಂಡ್ತಿ ಮಕ್ಕಳ ಸಮೇತ ಹೊಂಟ. ಯಾರಿಗೂ ಸಂಶೆ ಬರಲಿಲ್ಲ. ಬ್ಯಾರೆ ಕಡೆ ಕೆಲಸಾ ಹಿಡದಾನ, ಆರಾಮ ಅದಾನ."

"ಪಾಡಾತು ಬಿಡ್ರಿ" ಎಂದು ಗುಂಡಿ ಒತ್ತಿದೆ. ಬಿಳಿ ಅಕ್ಷರಗಳು ಏರಿದವು.

"ಕುಂಡರ್ರಿ ಅಣ್ಣಾರ" ಎಂದು ಅವರು ಕುರ್ಚಿ ಎಳೆದರು. "ಮೇಲ್ ತೆಗದು ತೋರಸ್ತೀನಿ. ಯಾರ ಸಂಬಂಧ ಇಷ್ಟೆಲ್ಲಾ ಅನುಭವಿಸಿದ್ರಿ ಅಂತ ನಿಮಗರ ಗೊತ್ತಾಗಲಿ. ನಿಮ್ಮ ಕಡಿಯಾಂವನ ಅದಾನ."

ನೋಡಬೇಕೆನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಗುರುತಿನವನೂ ಇರಬಹುದಿತ್ತು. ತಗಡಿನ ಕೆಳಗೆ ನನ್ನ ಸಂಗಡ ಬೆಳೆದ ಎಷ್ಟೋ ಮಂದಿ ಈಗ ಸೈಟುಗಳಲ್ಲಿ ಸಣ್ಣ ಸಾಹೇಬರಾಗಿದ್ದಾರೆ.

"ಬ್ಯಾಡ್ರಿ ಅಕ್ಕಾರ. ನಾಳೆ ಮತ್ತ ಕಟಕಟಿಗೆ ಕರದು ಕೇಳಿದ್ರ ನಾ ಹೇಳಾಂವ. ನನ್ನ ನೋಡೀರಲ್ಲ."

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ಮಾನಿಟರನ್ನು ಎರಡೂ ಕೈಯಿಂದ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡರು.

ಯಂತ್ರ ಪೂರ್ತಿ ಚಾಲು ಆದದ್ದನ್ನು ಕಣ್ಣಾರೆ ನೋಡದೆ ನಾನು ಯಾವ ಗಿರಾಕಿಯ ಮನೆಯಿಂದಲೂ ಹೊರಬಿದ್ದವನಲ್ಲ. ಆ ದಿನ ಸ್ಕ್ರೂಡ್ರೈವರು ಚೀಲಕ್ಕೆ ಹಾಕಿಕೊಂಡು ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ನಿಂತೆ. ಒಳಗೆ ಡಿಸ್ಕು ಕರಕರ ಎನ್ನುತ್ತಿದ್ದದ್ದು ನಿಂತಿತು.

"ಚಾಲೂ ಆತೇನ್ರಿ?" ಎಂದು ಅಲ್ಲಿಂದಲೇ ಕೂಗಿದೆ.

"ಆತ್ರಿ" ಎಂದರು.

ಇಳಿದು ಅಂಗಡಿಗೆ ಹೋದೆ.